ಸಂಜ್ಞಾಧಿಕಾರವಿಲ್ಲದ ಶಾಸ್ತ್ರ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಿಮರ್ಶೆಯೆಂದೊಡನೆ ಓದುಗರು ಕಾವ್ಯದ ಅಥವಾ ಕಾದಂಬರಿಯ ವಿಚಾರವನ್ನು ನಿರೀಕ್ಷಿಸುವುದು ಸಹಜ. ನಾವು ಇಲ್ಲಿ ಎತ್ತಿಕೊಂಡಿರುವುದು ಸಾಹಿತ್ಯವೆಂದು ಯಾರೂ ಕರೆಯದ ಒಂದು ಬಗೆಯ ಬರವಣಿಗೆಯನ್ನು. ಕಂಪ್ಯೂಟರಿಗೆ ಜೋಡಿಸಿದ ಕ್ಯಾಮೆರಾ ಮೊದಲಾದ ವಿಡಿಯೋ ಯಂತ್ರಾಂಶವನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಅದರ ಕೈಪಿಡಿಗಳಲ್ಲಿ ಪಾರಿಭಾಷಿಕ ಪದಗಳಿಗೆ ಅರ್ಥವನ್ನು ಹೇಗೆ ಹೇಳಲಾಗಿದೆ, ಅದರಿಂದ ಕನ್ನಡದ ಶಾಸ್ತ್ರಬರಹ ಕಲಿಯಬೇಕಾದದ್ದೇನು ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆ ಪೋತ್ತನೂರಿಗೆ ಹೊರಗಿನದಲ್ಲ. ಮದರಾಸನ್ನೂ ಪಶ್ಚಿಮ ಕರಾವಳಿಯ ಬೇಪೂರನ್ನೂ 1862ರಲ್ಲಿ ಜೋಡಿಸಿದ ಹಳಿಯ ಮೇಲೆ ಬೆಳೆದ ಊರಿದು. ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ಕಾರ್ಯಾಗಾರ ಇರುವ ಊರು. ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳ ಪುಸ್ತಕವನ್ನು ತೆರೆದವರಿಗೆ ಮೊದಲ ಅಧ್ಯಾಯದಲ್ಲಿಯೇ ಕಾಣಸಿಗುವುದು ಪದಗಳ ಅರ್ಥನಿರೂಪಣೆ. ಬ್ಲಾಕ್ ಸೆಕ್ಷನ್ ಎಂದರೆ ಎರಡು ಬ್ಲಾಕ್ ನಿಲ್ದಾಣಗಳ ನಡುವಣ ಹಳಿಯ ಭಾಗ. ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್ ದೊರೆಯುವವರೆಗೆ ಯಾವ ರೈಲೂ ಅದನ್ನು ಪ್ರವೇಶಿಸಕೂಡದು. ಲೈನ್ ಕ್ಲಿಯರ್ ಎಂದರೇನೆಂಬುದಕ್ಕೂ ಅಲ್ಲಿಯೇ ನಿರೂಪಣೆಯುಂಟು. ಈ ಪದಗಳನ್ನು ಒಬ್ಬ ಸ್ಟೇಷನ್ ಮಾಸ್ತರರು ಒಂದು ಅರ್ಥದಲ್ಲಿ, ಇನ್ನೊಬ್ಬರು ಮತ್ತೊಂದು ಅರ್ಥದಲ್ಲಿ ಗ್ರಹಿಸಿದರೆ ಏನಾಗುವುದೆಂದು ರೈಲಿನ ಊರಿನವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಪೂರ್ವಿಕ ಶಾಸ್ತ್ರಕಾರರೂ ಇದನ್ನು ಬಲ್ಲವರಾಗಿದ್ದರು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದ ಮೊದಲ ಅಧ್ಯಾಯಕ್ಕೆ ಸಂಜ್ಞಾಧಿಕಾರವೆಂದೇ ಹೆಸರು. ಅಳತೆಗಳ ಮತ್ತು ಗಣಿತಕ್ರಿಯೆಗಳ ಹೆಸರುಗಳನ್ನು ಅಲ್ಲಿ ನಿಶ್ಚಯಿಸಿಕೊಂಡು ಅವನು ಲೆಕ್ಕಕ್ಕೆ ಇಳಿಯುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನು ಹಿಡಿದನು: ಮೊದಲು ಲಕ್ಷಣ, ಬಳಿಕ ವಿವರಣೆ, ಆಮೇಲೆ ಹಿಂದಿನ ಕವಿಗಳ ಬಳಕೆಯಿಂದ ಉದಾಹರಣೆ.

ಈ ಅಳತೆಗೋಲನ್ನು ಹಿಡಿದು ಲಿನಕ್ಸ್ ವ್ಯವಸ್ಥೆಯ ವಿಡಿಯೋ ಕೈಪಿಡಿಯನ್ನು ನೋಡೋಣ. ‘ವಿಡಿಯೋ ಫಾರ್ ಲಿನಕ್ಸ್’ ಎಂಬ ಏರ್ಪಾಡಿನ ಎರಡನೆಯ ರೂಪವು 2002ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. ಆಗ ಮುಖ್ಯವಾಗಿ ಕಣ್ಣೆದುರಿಗಿದ್ದದ್ದು ಕಂಪ್ಯೂಟರಿಗೆ ಸಿಕ್ಕಿಸುವ ಟಿವಿ ಕಾರ್ಡಿನಂತಹ ಯಂತ್ರಾಂಶ. ಕಾರ್ಡು ಒಂದು, ಅದನ್ನು ನಡೆಸುವ ಡ್ರೈವರ್ ಒಂದು. ಆದ್ದರಿಂದ ಡಿವೈಸ್ ಎಂಬ ಒಂದೇ ಮಾತು ಎಲ್ಲಕ್ಕೂ ಸಾಲುವಂತೆ ತೋರಿತು. ಮೊಬೈಲ್ ಫೋನಿನ ಕಾಲ ಬಂದಾಗ ಆ ಮಾತು ಬಿರುಕುಬಿಟ್ಟಿತು. ಫೋನಿನ ಕ್ಯಾಮೆರಾ ಒಂದು ವಸ್ತುವಲ್ಲ. ಬೆಳಕನ್ನು ಗ್ರಹಿಸುವ ಸೆನ್ಸರ್ ಬೇರೆ, ಮಸೂರವನ್ನು ಸರಿಸುವ ಮೋಟಾರು ಬೇರೆ, ಫ್ಲಾಷ್ ಬೇರೆ, ಚಿತ್ರವನ್ನು ಸಂಸ್ಕರಿಸುವ ಘಟಕ ಬೇರೆ. ಈ ಭಾಗಗಳ ಜೋಡಣೆಯನ್ನು ವರ್ಣಿಸಿ ನಿಯಂತ್ರಿಸಲು 2011ರಲ್ಲಿ ಮೀಡಿಯಾ ಕಂಟ್ರೋಲರ್ ಎಂಬ ಹೊಸ ಏರ್ಪಾಡು ಸೇರಿತು. ಈಗ ‘ಡಿವೈಸ್’ ಎಂದರೆ ಯಾವುದು? ಇಡೀ ಕ್ಯಾಮೆರಾವೇ? ಅದರೊಳಗಿನ ಒಂದು ಚಿಪ್ಪೇ? ಬಳಕೆದಾರನ ಪ್ರೋಗ್ರಾಮು ತೆರೆಯುವ ಕಡತದಂತಹ ಬಾಗಿಲೇ?

ತರ್ಕಶಾಸ್ತ್ರವು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳುತ್ತದೆ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಗೆ ಬರುವುದರಿಂದ ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುವುದರಿಂದ ಅವ್ಯಾಪ್ತಿ. ಒಂಟಿ ಗೊರಸಿನದು ಹಸು ಎಂದರೆ ಯಾವ ಹಸುವಿಗೂ ಹೊಂದದ ಅಸಂಭವ. ಕ್ಯಾಮೆರಾ ಡಿವೈಸ್ ಎಂದರೆ ಕ್ಯಾಮೆರಾಕ್ಕೆ ಸಂಬಂಧಿಸಿದ ಯಾವುದೇ ಸಾಧನ ಎಂದಾಗ ಅದನ್ನು ಬಿಗಿದ ಸ್ಟ್ಯಾಂಡೂ ಒಳಗೆ ಬರುತ್ತದೆ. ಚಿತ್ರವನ್ನು ಕಳುಹಿಸುವ ಸಾಧನ ಎಂದಾಗ ಚಿತ್ರವನ್ನೇ ಕಳುಹಿಸದ ಮಸೂರದ ಮೋಟಾರು ಹೊರಗುಳಿಯುತ್ತದೆ. ಡ್ರೈವರ್ ಎಂದರೆ ಯಂತ್ರಾಂಶವನ್ನು ನಡೆಸುವ ಉಪಕರಣ ಎಂದಾಗ, ಡ್ರೈವರ್ ತಂತ್ರಾಂಶವೇ ಹೊರತು ಉಪಕರಣವಲ್ಲದ ಕಾರಣ ಅದು ಅಸಂಭವ. ದೋಷ ಬರೆದವರ ಜ್ಞಾನದ್ದಲ್ಲ. ತಮಗೆ ತಿಳಿದದ್ದು ಓದುವವರಿಗೂ ತಿಳಿದಿದೆಯೆಂಬ ನಂಬಿಕೆಯದು.

ಆ ಕೈಪಿಡಿಯ ಹೆಚ್ಚುಗಾರಿಕೆಯೆಂದರೆ ಅದು ತನ್ನ ಕೊರತೆಯನ್ನು ಅರಿತು ಒಂದು ಪದವಿವರಣೆಯನ್ನು ಸೇರಿಸಿಕೊಂಡದ್ದು. ಒಂದು ಚಿಪ್ಪು ಅಥವಾ ಘಟಕಕ್ಕೆ ಒಂದು ಹೆಸರು. ಅಂತಹ ಹಲವು ಘಟಕಗಳು ಕೂಡಿ ಬಳಕೆದಾರನಿಗೆ ಕ್ಯಾಮೆರಾವಾಗಿ ಒದಗುವ ಸಮೂಹಕ್ಕೆ ಬೇರೊಂದು ಹೆಸರು. ಪ್ರೋಗ್ರಾಮು ತೆರೆಯುವ ಬಾಗಿಲಿಗೆ ಡಿವೈಸ್ ನೋಡ್ ಎಂಬ ಇನ್ನೊಂದು ಹೆಸರು. ಈ ಪಟ್ಟಿ ಇನ್ನೂ ಪೂರ್ಣವಾಗಿಲ್ಲವೆಂದು ಅದು ತಾನೇ ಒಪ್ಪಿಕೊಳ್ಳುತ್ತದೆ. ಒಂದೇ ವಸ್ತುವಿಗೆ ಎರಡು ಹೆಸರುಗಳು ಉಳಿದಿರುವಲ್ಲಿ ಇದು ಅದರ ಪರ್ಯಾಯವೆಂದು ಹೇಳಿಬಿಡುತ್ತದೆ. ಈ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಯಿತು. ಆದರೂ ಸಂಜ್ಞಾಧಿಕಾರವು ಗ್ರಂಥ ಬೆಳೆದ ಮೇಲೆ ಸೇರಿದ ಅನುಬಂಧವಾಯಿತೇ ಹೊರತು ಮೊದಲ ಅಧ್ಯಾಯವಾಗಲಿಲ್ಲ.

ಇನ್ನೊಂದು ಪದವನ್ನು ಪರೀಕ್ಷಿಸೋಣ: ಫೀಲ್ಡ್. ಸಿ ಭಾಷೆಯಲ್ಲಿ ದತ್ತಾಂಶ ರಚನೆಯ ಒಂದೊಂದು ಅಂಗವನ್ನೂ ಫೀಲ್ಡ್ ಎನ್ನುವ ವಾಡಿಕೆಯುಂಟು. ವಿಡಿಯೋ ವಿದ್ಯೆಯಲ್ಲಿ ಫೀಲ್ಡ್ ಎಂಬುದರ ಅರ್ಥವೇ ಬೇರೆ. ಲಿನಕ್ಸಿನಲ್ಲಿ ಚಿತ್ರದ ಸ್ವರೂಪವನ್ನು ಹೇಳುವ ರಚನೆಯ ಒಂದು ಅಂಗದ ಹೆಸರೇ ಫೀಲ್ಡ್. ಅಂದರೆ ಅದು ಫೀಲ್ಡ್ ಎಂಬ ಹೆಸರಿನ ಫೀಲ್ಡ್! ಇದಕ್ಕೆ ನಿಘಂಟನ್ನು ನೋಡಿ ‘ಕ್ಷೇತ್ರ’ ಎಂದು ಬರೆದ ಮಾತ್ರಕ್ಕೆ ಕನ್ನಡ ಓದುಗನಿಗೆ ಏನು ತಿಳಿದೀತು? ಒಬ್ಬನಿಗೆ ಹೊಲ ನೆನಪಾದೀತು, ಒಬ್ಬನಿಗೆ ಧರ್ಮಸ್ಥಳ.

ಅದರ ಬದಲು ಹೀಗೆ ಬರೆಯಬಹುದು. ಫೀಲ್ಡ್ ಎಂದರೆ ಚಿತ್ರದ ಸಾಲುಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಆಯ್ದು, ಒಂದು ಸರದಿಯಲ್ಲಿ ಸೆರೆಹಿಡಿದ ಅರ್ಧಚಿತ್ರ. ಇಂತಹ ಎರಡು ಅರ್ಧಗಳು ಹೆಣೆದುಕೊಂಡಾಗ ಒಂದು ಫ್ರೇಮ್. ದೂರದರ್ಶನವು ಬಳಸಿದ ಪಾಲ್ ಪದ್ಧತಿಯಲ್ಲಿ ಫ್ರೇಮಿಗೆ 625 ಸಾಲು, ಸೆಕೆಂಡಿಗೆ 25 ಫ್ರೇಮ್, ಆದ್ದರಿಂದ 50 ಫೀಲ್ಡ್. ಸಾಲುಗಳನ್ನು ಹೀಗೆ ಬಿಡಿಸದೆ ಒಟ್ಟಿಗೆ ಸೆರೆಹಿಡಿದ ಚಿತ್ರದಲ್ಲಿ ಈ ವಿಭಾಗವಿಲ್ಲ. ಮೇಲಿನ ಫೀಲ್ಡ್ ಎಂಬ ಮಾತು ಸಾಲುಗಳ ಸ್ಥಾನವನ್ನು ಹೇಳುತ್ತದೆಯೇ ಹೊರತು ಯಾವುದು ಮೊದಲು ಸೆರೆಯಾಯಿತೆಂಬುದನ್ನಲ್ಲ. ಸ್ಥಾನದ ಕ್ರಮವನ್ನೇ ಕಾಲದ ಕ್ರಮವೆಂದು ಭ್ರಮಿಸಿದರೆ ತೆರೆಯ ಮೇಲೆ ಓಡುವ ಮನುಷ್ಯನು ಒಂದು ಹೆಜ್ಜೆ ಮುಂದಕ್ಕೂ ಒಂದು ಹೆಜ್ಜೆ ಹಿಂದಕ್ಕೂ ಜಗ್ಗಿದಂತೆ ಕಾಣುತ್ತಾನೆ.

ಇಲ್ಲಿ ನಾವು ಫೀಲ್ಡ್ ಎಂಬ ಎರವಲು ಮಾತನ್ನೇ ಉಳಿಸಿಕೊಂಡಿದ್ದೇವೆ. ಆದರೆ ಅದರ ಎಲ್ಲೆಯನ್ನು ಕನ್ನಡದಲ್ಲಿ ಗುರುತಿಸಿದ್ದೇವೆ. ನಮ್ಮ ನಿಲುವು ಇಷ್ಟೇ: ಪದ ಯಾವ ಭಾಷೆಯಲ್ಲಿ ಹುಟ್ಟಿತೆಂಬುದಕ್ಕಿಂತ ಅದರ ಎಲ್ಲೆ ಎಲ್ಲಿದೆಯೆಂಬುದು ಮುಖ್ಯ. 1918ರಲ್ಲಿ ಬೆಂಗಳೂರಿನಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಟಂದಿನಿಂದ ಕನ್ನಡವು ಹೊಸ ಪದಗಳನ್ನು ಹೇರಳವಾಗಿ ಪಡೆದಿದೆ. ಆದರೆ ಪದಸೃಷ್ಟಿಯೇ ಅರ್ಥನಿರ್ಣಯವೆಂದು ನಾವು ಬಹಳ ಸಲ ತಪ್ಪಾಗಿ ತಿಳಿದೆವು. ಇಂಗ್ಲಿಷ್ ಪದದ ಎದುರಿಗೆ ಸಂಸ್ಕೃತ ಪದವನ್ನು ನಿಲ್ಲಿಸಿದರೆ ಅದು ಸಮಾನಪದವಾದೀತು, ಲಕ್ಷಣವಾಗದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಜನಪ್ರಿಯವಾದದ್ದು ಪದಗಳ ಬಲದಿಂದಲ್ಲ. ಗಿಡವನ್ನು ಓದುಗನ ಕಣ್ಣೆದುರು ನಿಲ್ಲಿಸಿದ್ದರಿಂದ.

ಸಾಹಿತ್ಯದ ಅಭ್ಯಾಸವೂ ಇಲ್ಲಿ ನಮಗೆ ತೊಡಕಾಗಿದೆ. ಒಂದೇ ಪದವನ್ನು ಮತ್ತೆ ಮತ್ತೆ ಬಳಸುವುದು ಬಡತನವೆಂದು ಕಲಿತವರು ನಾವು. ಒಂದು ಸಾಲಿನಲ್ಲಿ ಸಾಧನ, ಮುಂದಿನ ಸಾಲಿನಲ್ಲಿ ಉಪಕರಣ, ಅದರಾಚೆ ಯಂತ್ರ ಎಂದು ಬರೆದರೆ ಕವಿಗೆ ಅದು ಸೊಗಸು. ಕೈಪಿಡಿಯ ಓದುಗನಿಗೆ ಮೂರು ವಸ್ತುಗಳು. ಕಾವ್ಯದಲ್ಲಿ ವ್ಯಂಜನೆ ಮೆರೆಯಲಿ. ಶಾಸ್ತ್ರದ ಸಂಜ್ಞೆಗೆ ಅಭಿಧೆಯೊಂದೇ ಸಾಕು. ಹಾಸು, ಹೊಕ್ಕು, ಲಾಳಿ ಎನ್ನುವ ಕನ್ನಡದ ನೇಕಾರನು ಈ ನಿಯಮವನ್ನು ಯಾವ ಗ್ರಂಥವನ್ನೂ ಓದದೆಯೇ ಪಾಲಿಸುತ್ತ ಬಂದಿದ್ದಾನೆ. ಹಾಸನ್ನು ಒಮ್ಮೆಯಾದರೂ ಅವನು ಹೊಕ್ಕು ಎನ್ನುವುದಿಲ್ಲ.

ಈ ಮಾತನ್ನು ತಮಿಳುನಾಡಿನಲ್ಲಿ ಆಡುವುದಕ್ಕೆ ವಿಶೇಷ ಕಾರಣವಿದೆ. ಇಲ್ಲಿ ಕನ್ನಡ ನಮಗೆ ಮನೆಯ ಮಾತು. ನಮ್ಮ ಮಕ್ಕಳು ವಿದ್ಯೆಯನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಕಲಿಯುತ್ತಾರೆ. ಎಂಜಿನಿಯರಾದ ಮಗಳೊಬ್ಬಳು ಅಕ್ಕರೆಯಿಂದ ಒಂದು ಕನ್ನಡ ತಾಂತ್ರಿಕ ಲೇಖನವನ್ನು ತೆರೆದಾಗ, ಇಂಗ್ಲಿಷ್ ಮೂಲವನ್ನು ನೋಡದೆ ಅದು ಅರ್ಥವಾಗದಿದ್ದರೆ, ಇದು ಕನ್ನಡಕ್ಕೆ ಆಗದ ಕೆಲಸವೆಂದು ತೀರ್ಮಾನಿಸಿ ಪುಟವನ್ನು ಮುಚ್ಚುತ್ತಾಳೆ. ಅವಳು ಎರಡನೆಯ ಸಲ ತೆರೆಯುವುದು ಕಷ್ಟ. ತಪ್ಪು ಭಾಷೆಯದಾಗಿರಲಿಲ್ಲ, ಲಕ್ಷಣ ಹೇಳದೆ ಬರೆದವರದು.

ಆದಕಾರಣ ನಮ್ಮ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುತ್ತೇವೆ. ಮುಂದಿನ ಸ್ಮರಣ ಸಂಚಿಕೆಯಲ್ಲಿ ಒಂದು ಪುಟವನ್ನು ಸಂಜ್ಞೆಗಳಿಗೆ ಮೀಸಲಿಡೋಣ. ನಮ್ಮ ತರುಣರು ತಮ್ಮ ತಮ್ಮ ಕಸುಬಿನಿಂದ ಹತ್ತು ಪದಗಳನ್ನು ಆರಿಸಲಿ. ರೈಲಿನದಾಗಲಿ, ಮಗ್ಗದ್ದಾಗಲಿ, ಕ್ಯಾಮೆರಾದ್ದಾಗಲಿ. ಒಂದೊಂದಕ್ಕೂ ಮೂರು ವಾಕ್ಯ: ಅದು ಏನು, ಏನು ಅಲ್ಲ, ಎಲ್ಲಿ ಬಳಕೆಯಾಗುತ್ತದೆ. ಆ ಪುಟವನ್ನು ಆ ಕಸುಬನ್ನು ಅರಿಯದ ಹಿರಿಯರೊಬ್ಬರ ಕೈಗೆ ಕೊಟ್ಟು ಓದಿಸೋಣ. ಅವರಿಗೆ ತಿಳಿಯದ ವಾಕ್ಯವನ್ನು ತಿದ್ದಿ ಬರೆಯೋಣ. ನಮ್ಮ ಸಂಜ್ಞಾಧಿಕಾರಕ್ಕೆ ಅದು ಮೊದಲ ಪುಟವಾಗಲಿ.