ಡಿಸ್ಕ್ ಬರಹ: ವೇಗದ ಲೆಕ್ಕದಲ್ಲಿ ಮರೆತ ಕ್ರಮ

ಆಪರೇಟಿಂಗ್ ಸಿಸ್ಟಮ್ ಪಠ್ಯಗಳಲ್ಲಿ ಡಿಸ್ಕ್ ಶೆಡ್ಯೂಲಿಂಗ್ ಎಂದೊಡನೆ ಎದುರಾಗುವುದು ‘ಎಲಿವೇಟರ್’ ವಿಧಾನ. ಲಿಫ್ಟ್ ದಾರಿಯಲ್ಲಿ ಸಿಗುವ ಮಹಡಿಗಳಲ್ಲೆಲ್ಲ ನಿಲ್ಲುತ್ತ ಸಾಗುವಂತೆ, ಡಿಸ್ಕಿನ ಹೆಡ್ ಕೂಡ ಹತ್ತಿರದ ಆದೇಶಗಳನ್ನು ಮೊದಲು ಪೂರೈಸುತ್ತ ಹೋಗುತ್ತದೆ. ಹೆಡ್ ಒಟ್ಟು ಎಷ್ಟು ಟ್ರ್ಯಾಕ್ ದಾಟಿತು ಎಂದು ಲೆಕ್ಕ ಮಾಡಿಸಿ ಪಾಠ ಮುಗಿಸುತ್ತೇವೆ. ಆದೇಶಗಳ ಸರದಿಯನ್ನು ಹೀಗೆ ಬದಲಿಸಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಜರ್ನಲ್ ಇರುವ ಕಡತ ವ್ಯವಸ್ಥೆಯನ್ನು ನೋಡಿ. ಅದು ಆಗಬೇಕಾದ ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆದು, ಕೊನೆಗೆ ‘ಎಲ್ಲವೂ ಬರೆದಾಯಿತು’ ಎಂಬ ಗುರುತನ್ನು ಹಾಕುತ್ತದೆ. ಸರದಿ ಬದಲಾಗಿ ಗುರುತೇ ಮೊದಲು ಡಿಸ್ಕಿಗೆ ಬಿದ್ದು, ಅಷ್ಟರಲ್ಲಿ ವಿದ್ಯುತ್ ಹೋದರೆ? ಅಂಕಗಳನ್ನು ತುಂಬುವ ಮೊದಲೇ ಅಂಕಪಟ್ಟಿಗೆ ಸಹಿ ಹಾಕಿದಂತಾಗುತ್ತದೆ. ಡಿಸ್ಕಿನೊಳಗಿನ ಕ್ಯಾಶ್ ಕೂಡ ತನ್ನಷ್ಟಕ್ಕೆ ಸರದಿ ಬದಲಿಸುವುದರಿಂದ ಕರ್ನೆಲ್ ಒಂದೇ ಎಚ್ಚರ ವಹಿಸಿದರೆ ಸಾಲದು.

ಇದಕ್ಕೆ ಲಿನಕ್ಸ್ ಕಂಡುಕೊಂಡ ಉಪಾಯ ‘ಬ್ಯಾರಿಯರ್’, ಅಂದರೆ ತಡೆಗೋಡೆ. ಗೋಡೆಯ ಹಿಂದಿನ ಬರಹ ಮುಂದಕ್ಕೆ ದಾಟದು, ಮುಂದಿನದು ಹಿಂದಕ್ಕೆ ನುಸುಳದು. ಕಲ್ಪನೆ ಸೊಗಸಾಗಿತ್ತು, ಜಾರಿ ಒರಟಾಗಿತ್ತು. ಬ್ಯಾರಿಯರ್ ಬಂದಾಗಲೆಲ್ಲ ಇಡೀ ಸರದಿ ಖಾಲಿಯಾಗಬೇಕು, ಕ್ಯಾಶ್ ಬರಿದಾಗಬೇಕು, ಆ ಬರಹ ನಡೆಯಬೇಕು, ಮತ್ತೆ ಕ್ಯಾಶ್ ಬರಿದಾಗಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಗಡಿಯಾರ ಎರಡೂವರೆ ಕೋಟಿ ಸಲ ಮಿಡಿದಿರುತ್ತದೆ! ಈ ವೆಚ್ಚಕ್ಕೆ ಹೆದರಿಯೇ ಎಕ್ಸ್ಟ್3 ಕಡತ ವ್ಯವಸ್ಥೆಯಲ್ಲಿ ದೀರ್ಘಕಾಲ ಬ್ಯಾರಿಯರನ್ನು ತಾನಾಗಿ ಚಾಲೂ ಮಾಡಿರಲಿಲ್ಲ. ಬಳಕೆದಾರನಿಗೆ ತಿಳಿಯದಂತೆ ಅವನ ದತ್ತಾಂಶವನ್ನು ಪಣಕ್ಕಿಟ್ಟದ್ದು ನನ್ನ ದೃಷ್ಟಿಯಲ್ಲಿ ತಪ್ಪು.

2011ರ ಜನವರಿಯಲ್ಲಿ ಬಂದ 2.6.37 ಆವೃತ್ತಿಯು ಬ್ಯಾರಿಯರನ್ನೇ ಕೈಬಿಟ್ಟಿತು. ಹಿಂದಿನ ಬರಹಗಳು ಮುಗಿಯುವವರೆಗೆ ಕಾಯುವ ಹೊಣೆ ಕಡತ ವ್ಯವಸ್ಥೆಗೆ ಬಂತು. ಕೆಳಗಿನ ಪದರಕ್ಕೆ ಎರಡೇ ಕೆಲಸ ಉಳಿದವು: ಕ್ಯಾಶನ್ನು ಬರಿದುಮಾಡುವುದು ಮತ್ತು ನಿರ್ದಿಷ್ಟ ಬರಹವೊಂದನ್ನು ನೇರವಾಗಿ ಶಾಶ್ವತ ಮಾಧ್ಯಮಕ್ಕೇ ತಲುಪಿಸುವುದು. ಸಂಬಂಧವಿಲ್ಲದ ಆದೇಶಗಳು ಸುಮ್ಮನೆ ಕಾಯುವುದು ತಪ್ಪಿತು. ಇದು ಪ್ರಾಮಾಣಿಕ ಸುಧಾರಣೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಮೂಲ ಗೊಂದಲ ಉಳಿಯಿತು. ‘ಇದಾದ ಮೇಲೆ ಅದು’ ಎನ್ನುವುದು ಕ್ರಮ. ‘ಈಗಲೇ ಶಾಶ್ವತವಾಗಲಿ’ ಎನ್ನುವುದು ಬಾಳಿಕೆ. ಮೊದಲನೆಯದಷ್ಟೇ ಬೇಕಾದಾಗಲೂ ಎರಡನೆಯದರ ಬೆಲೆ ತೆರುತ್ತಿದ್ದೇವೆ. ಇವೆರಡನ್ನೂ ಬೇರ್ಪಡಿಸಬಹುದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ‘ಆಪ್ಟ್‌ಎಫ್‌ಎಸ್’ ರಚಿಸಿ ತೋರಿಸಿದರು. ಅದರಲ್ಲಿ ಕ್ರಮಕ್ಕೊಂದು ಕರೆ, ಬಾಳಿಕೆಗೊಂದು ಕರೆ. ಆಪಲ್‌ನ ಮ್ಯಾಕ್‌ಓಎಸ್‌ನಲ್ಲಿಯೂ ಕ್ರಮವನ್ನಷ್ಟೇ ಕೋರುವ ಬೇರೆ ಸೌಲಭ್ಯವಿದೆ. ಲಿನಕ್ಸ್‌ನ ಮುಖ್ಯ ಕರ್ನೆಲ್ಲಿನಲ್ಲಿ ಮಾತ್ರ ಅನ್ವಯ ತಂತ್ರಾಂಶ ಬರೆಯುವವನಿಗೆ ಅಂಥ ಕರೆ ಸಿಗುವುದಿಲ್ಲ. ಕ್ರಮ ಬೇಕೆಂದರೆ ಅವನು ಎಫ್‌ಸಿಂಕ್ ಕರೆದು ಕಾಯುತ್ತ ಕೂರಬೇಕು.