ದಾಸ್ತಾನು ಕಡಿತಕ್ಕೆ ಪುರಾವೆ ಎಲ್ಲಿದೆ?

ಹೆಬ್ಬಾಳದ ಯಾವುದಾದರೂ ದೊಡ್ಡ ಅಂಗಡಿಯಲ್ಲಿ ಟೂತ್‌ಪೇಸ್ಟ್ ಕಪಾಟಿನ ಮುಂದೆ ನಿಂತು ಎಣಿಸಿ ನೋಡಿ. ಗಾತ್ರ, ರುಚಿ, ಬ್ರ್ಯಾಂಡ್ ಎಲ್ಲ ಸೇರಿ ಹತ್ತಾರು ಬಗೆಗಳು. ಇಷ್ಟೆಲ್ಲ ಏಕೆ ಬೇಕು ಎನಿಸುವುದು ಸಹಜ. ಮಾಲೀಕರಿಗೂ ಹಾಗೆ ಅನಿಸಬಹುದು: ಬಗೆಗಳನ್ನು ಕಡಿಮೆ ಮಾಡಿದರೆ ಜಾಗ ಉಳಿಯುತ್ತದೆ, ಗಿರಾಕಿಯ ಗೊಂದಲ ತಪ್ಪುತ್ತದೆ, ವ್ಯಾಪಾರ ಹೆಚ್ಚುತ್ತದೆ. ಇವುಗಳಲ್ಲಿ ಮೊದಲನೆಯದನ್ನು ಅಳತೆಪಟ್ಟಿ ಹಿಡಿದು ತೋರಿಸಬಹುದು. ಉಳಿದೆರಡು ಊಹೆಗಳು. ಊಹಿಸುವುದು ತಪ್ಪಲ್ಲ. ಆದರೆ ಊಹೆಗೆ ‘ವಿಜ್ಞಾನವೇ ಸಾಬೀತು ಮಾಡಿದೆ’ ಎಂಬ ಮುದ್ರೆ ಒತ್ತಿದಾಗ ಪುರಾವೆಯನ್ನು ಕೇಳಲೇಬೇಕಾಗುತ್ತದೆ.

ಈ ಊಹೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದದ್ದು ಅಮೆರಿಕದ ವಾಲ್‌ಮಾರ್ಟ್. ಅಂಗಡಿ ಗಿಜಿಗುಟ್ಟುತ್ತಿದೆ, ಸ್ವಲ್ಪ ಒಪ್ಪವಾಗಿದ್ದರೆ ಚೆನ್ನ ಎಂದು ಗ್ರಾಹಕರು ಸಮೀಕ್ಷೆಗಳಲ್ಲಿ ಹೇಳಿದರು. 2009ರ ಸುಮಾರಿಗೆ ಸಂಸ್ಥೆಯು ಸಾವಿರಾರು ಸರಕುಗಳನ್ನು ಕಪಾಟುಗಳಿಂದ ತೆಗೆದು ಓಡಾಡುವ ಜಾಗವನ್ನು ಅಗಲ ಮಾಡಿತು. ಗ್ರಾಹಕರು ಮೆಚ್ಚಿದರು, ಆದರೆ ಕಡಿಮೆ ಕೊಂಡರು. ಸಂಸ್ಥೆಯ ಅಮೆರಿಕ ವಿಭಾಗದ ಮುಖ್ಯಸ್ಥರಾಗಿದ್ದ ವಿಲಿಯಂ ಸೈಮನ್ ಅವರೇ ಇದನ್ನು ಒಪ್ಪಿಕೊಂಡರು. 2011ರ ಏಪ್ರಿಲ್‌ನಲ್ಲಿ ಸುಮಾರು 8,500 ಸರಕುಗಳನ್ನು, ಎಂದರೆ ಸರಾಸರಿ ಅಂಗಡಿಯ ಸರಕಿನ ಶೇಕಡಾ 11ರಷ್ಟನ್ನು, ಮರಳಿ ಸೇರಿಸುವುದಾಗಿ ಸಂಸ್ಥೆ ಪ್ರಕಟಿಸಿತು.

‘ನೋಡಿ, ಕಡಿತದಿಂದಲೇ ನಷ್ಟ’ ಎಂದು ತೀರ್ಮಾನಿಸಲು ಅವಸರ ಬೇಡ. ಅದೇ ಅವಧಿಯಲ್ಲಿ ಅಮೆರಿಕದಲ್ಲಿ ಆರ್ಥಿಕ ಹಿಂಜರಿತವಿತ್ತು. ಹೋಲಿಕೆಗೆಂದು ಕಡಿತ ಮಾಡದ ಅಂಗಡಿಗಳ ಲೆಕ್ಕ ಪಕ್ಕದಲ್ಲಿಲ್ಲದಿದ್ದರೆ ಇಳಿಕೆಗೆ ಯಾವುದು ಎಷ್ಟು ಕಾರಣ ಎಂದು ಬಿಡಿಸಲಾಗದು. ಆದರೂ ಒಂದು ಮಾತು ಸ್ಪಷ್ಟ. ‘ನಿಮಗೆ ಒಪ್ಪವಾದ ಅಂಗಡಿ ಇಷ್ಟವೆ?’ ಎಂಬ ಪ್ರಶ್ನೆಗೆ ಇಲ್ಲ ಎನ್ನುವವರು ಯಾರು? ‘ಅದಕ್ಕಾಗಿ ನೀವು ಕೊಳ್ಳುವ ಸಾಬೂನನ್ನು ತೆಗೆದುಬಿಡಬಹುದೆ?’ ಎಂಬುದು ಬೇರೆಯೇ ಪ್ರಶ್ನೆ.

ಇಂಥ ಕಡಿತಗಳ ಸಮರ್ಥನೆಗೆ ಮತ್ತೆ ಮತ್ತೆ ಉದಾಹರಿಸುವ ಪ್ರಯೋಗವೊಂದಿದೆ. (ವಾಲ್‌ಮಾರ್ಟ್ ಅದನ್ನೇ ನಂಬಿತ್ತು ಎಂದು ನಾನು ಹೇಳುತ್ತಿಲ್ಲ.) ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗ ಅದು. ಕ್ಯಾಲಿಫೋರ್ನಿಯದ ಒಂದು ಅಂಗಡಿಯಲ್ಲಿ ರುಚಿ ನೋಡಲು ಮೇಜು ಹಾಕಿ, ಒಮ್ಮೆ 24 ಬಗೆಯ, ಇನ್ನೊಮ್ಮೆ 6 ಬಗೆಯ ಜಾಮ್ ಇಟ್ಟರು. 24 ಬಗೆಯ ಮೇಜಿನ ಬಳಿ ಹಾದುಹೋದ 242 ಜನರಲ್ಲಿ 145 ಮಂದಿ ನಿಂತರು. ಕೊಂಡವರು ಬರೀ 4. ಆರು ಬಗೆಯ ಮೇಜಿನ ಬಳಿ 260ರಲ್ಲಿ 104 ಮಂದಿ ನಿಂತರು. ಕೊಂಡವರು 31. ನಿಂತವರಲ್ಲಿ ಶೇಕಡಾ 3ಕ್ಕೆ ಎದುರಾಗಿ ಶೇಕಡಾ 30. ಹಾದುಹೋದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದರೂ ಶೇಕಡಾ 2ಕ್ಕೂ ಕಡಿಮೆಗೆ ಎದುರಾಗಿ ಸುಮಾರು 12. ಅಂತರ ದೊಡ್ಡದೇ, ಅನುಮಾನವಿಲ್ಲ.

ಆದರೆ ಏನನ್ನು ಅಳೆದರು ಎಂಬುದನ್ನು ಗಮನಿಸಿ. ಕಡಿಮೆ ಮಾಡಿದ್ದು ಮೇಜಿನ ಮೇಲಿನ ಶೀಷೆಗಳನ್ನು. ಅಂಗಡಿಯ ದಾಸ್ತಾನನ್ನಲ್ಲ! ಕೊಳ್ಳಬೇಕೆಂದವರು ಜಾಮ್ ಕಪಾಟಿಗೇ ಹೋಗಬೇಕಿತ್ತು. ಆ ಅಂಗಡಿಯಲ್ಲಿ ಸುಮಾರು 300 ಬಗೆಯ ಜಾಮ್ ಇದ್ದವು, ಒಂದನ್ನೂ ತೆಗೆದಿರಲಿಲ್ಲ. ಜೊತೆಗೆ, ಎಲ್ಲರಿಗೂ ಪರಿಚಿತವಾದ ರುಚಿಗಳನ್ನು ಮೇಜಿನಿಂದ ಬೇಕೆಂದೇ ಹೊರಗಿಟ್ಟಿದ್ದರು. ಇಂಥದೇ ಬೇಕು ಎಂದು ಬಂದ ಗಿರಾಕಿಗೆ ಅದು ಸಿಗದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಈ ಪ್ರಯೋಗದಲ್ಲಿ ಬರುವುದೇ ಇಲ್ಲ. ಮನಶ್ಶಾಸ್ತ್ರದ ಪ್ರಯೋಗವಾಗಿ ಅದು ಸೊಗಸಾದದ್ದು; ತಪ್ಪು ಅದನ್ನು ವ್ಯಾಪಾರದ ನಿಯಮವಾಗಿ ಓದಿದವರದು.

ಇನ್ನೊಂದು ತೊಡಕನ್ನು ವಿವರಿಸಲು ದೂರ ಹೋಗಬೇಕಿಲ್ಲ. 1899ರಲ್ಲಿಯೇ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾದ ಊರು ನಮ್ಮ ಹೆಬ್ಬಾಳ. ಎರಡು ತಾಕುಗಳಲ್ಲಿ ಎರಡು ರಾಗಿ ತಳಿಗಳನ್ನು ಬಿತ್ತಿ, ಒಂದೊಂದರಿಂದ ನೂರು ತೆನೆ ತೂಗಿ, ‘ನೂರು ಸಲ ಪರೀಕ್ಷಿಸಿದೆ’ ಎಂದರೆ ಇಲ್ಲಿನ ಕೃಷಿ ವಿದ್ಯಾರ್ಥಿ ಒಪ್ಪುವುದಿಲ್ಲ. ತಾಕಿನ ಮಣ್ಣು, ತೇವ, ಇಳಿಜಾರು ಆ ನೂರು ತೆನೆಗಳಿಗೂ ಒಂದೇ. ಪುನರಾವರ್ತನೆಯ ಲೆಕ್ಕದಲ್ಲಿ ಎಣಿಸಬೇಕಾದದ್ದು ತಾಕುಗಳನ್ನು. ಜಾಮ್ ಪ್ರಯೋಗದಲ್ಲಿ ಪ್ರದರ್ಶನವನ್ನು ಗಂಟೆಗೊಮ್ಮೆ ಬದಲಿಸಿದರು. ಇದು ಒಳ್ಳೆಯ ಎಚ್ಚರಿಕೆ. ಹಾಗಿದ್ದರೆ ತಾಕು ಎಂದರೆ ಇಲ್ಲಿ ಗಂಟೆ. ಎರಡು ಶನಿವಾರಗಳಲ್ಲಿ ಐದೈದು ಗಂಟೆ, ಒಂದೇ ಅಂಗಡಿ, ಒಂದೇ ಕಂಪನಿಯ ಸರಕು. ಇಷ್ಟು ಕಡಿಮೆ ತಾಕುಗಳ ಫಲಿತಾಂಶವನ್ನು ಎಲ್ಲ ಹೊಲಗಳಿಗೂ ಶಿಫಾರಸು ಮಾಡುವುದುಂಟೆ?

ಬೇರೆ ಹೊಲಗಳಲ್ಲಿ ಏನು ಕಂಡಿತು? ಷೈಬೆಹೆನ್ನೆ, ಗ್ರೈಫೆನೆಡರ್ ಮತ್ತು ಟಾಡ್ 2010ರಲ್ಲಿ ಇಂಥ 50 ಪ್ರಯೋಗಗಳನ್ನು, ಒಟ್ಟು 5,036 ಜನರ ದತ್ತಾಂಶವನ್ನು, ಒಟ್ಟುಗೂಡಿಸಿ ನೋಡಿದರು. ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಕೆಲವೆಡೆ ಹೆಚ್ಚಿನ ಆಯ್ಕೆ ತೊಂದರೆ ಕೊಟ್ಟಿತ್ತು, ಕೆಲವೆಡೆ ಅನುಕೂಲವಾಗಿತ್ತು. ಚೆರ್ನೆವ್ ಮತ್ತು ಸಂಗಡಿಗರ 2015ರ ವಿಶ್ಲೇಷಣೆ ಈ ವ್ಯತ್ಯಾಸದ ಕಾರಣಗಳನ್ನು ಹುಡುಕಿತು. ತನಗೇನು ಬೇಕೆಂದು ಗಿರಾಕಿಗೆ ಮೊದಲೇ ತಿಳಿದಿದೆಯೆ ಎಂಬುದು ಅವುಗಳಲ್ಲೊಂದು. ಮನೆಯ ದಿನಸಿ ಪಟ್ಟಿ ಹಿಡಿದು ಬರುವವರಿಗೆ ಅದು ತಿಳಿದಿರುತ್ತದೆ, ಅಲ್ಲವೆ?

ಈಗ ನಮ್ಮ ಅಂಗಡಿಗೆ ಬನ್ನಿ. ವಾರಕ್ಕೆ ಎರಡೇ ಪೊಟ್ಟಣ ಖರ್ಚಾಗುವ ಸಾಮೆಯನ್ನು ಕೈಬಿಡಲು ಮಾಲೀಕರು ಯೋಚಿಸುತ್ತಿದ್ದಾರೆ ಎಂದುಕೊಳ್ಳಿ. ಅವರ ಕಂಪ್ಯೂಟರು ಸಾಮೆಯ ಸಾಲನ್ನು ಮಾತ್ರ ತೋರಿಸುತ್ತದೆ. ಆ ಎರಡು ಪೊಟ್ಟಣ ಕೊಳ್ಳುವವರು ಅದರ ಜೊತೆಗೆ ಎಣ್ಣೆ, ಬೇಳೆ, ಸಾಬೂನನ್ನೂ ಇಲ್ಲಿಯೇ ಕೊಳ್ಳುತ್ತಿರಬಹುದು. ಸಾಮೆ ಸಿಗದೆ ಅವರು ಬೇರೆ ಅಂಗಡಿ ಹಿಡಿದರೆ ಹೋಗುವುದು ಇಡೀ ಬಿಲ್ಲು. ಆ ನಷ್ಟ ಸಾಮೆಯ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಹೆಬ್ಬಾಳ, ಯಲಹಂಕ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಒಟ್ಟು ಹನ್ನೆರಡು ಅಂಗಡಿಗಳಿರುವ ವ್ಯಾಪಾರಿಯಾದರೆ ಪರೀಕ್ಷೆ ಕಷ್ಟವಲ್ಲ. ಚೀಟಿ ಎತ್ತಿ ಆರು ಅಂಗಡಿಗಳಲ್ಲಿ ಮಾತ್ರ ಸರಕು ಕಡಿತ ಮಾಡಲಿ. ಹಬ್ಬದ ತಿಂಗಳುಗಳೂ ಸೇರುವಂತೆ ಆರು ತಿಂಗಳು ಇಡೀ ಬಿಲ್ಲಿನ ಮೊತ್ತವನ್ನೂ ಮರಳಿ ಬಂದ ಗಿರಾಕಿಗಳ ಸಂಖ್ಯೆಯನ್ನೂ ಹೋಲಿಸಲಿ. ಒಂದೇ ಅಂಗಡಿ ಇರುವವರು ಕಡಿತಕ್ಕೆ ಮೊದಲು ಒಂದು ತಿಂಗಳ ಬಿಲ್ಲುಗಳಲ್ಲಿ ಸಾಮೆ ಇರುವವನ್ನು ಬೇರ್ಪಡಿಸಿ, ಅವುಗಳ ಪೂರ್ತಿ ಮೊತ್ತವನ್ನು ಕೂಡಿ ನೋಡಬಹುದು. ಪರಿಚಯದ ಅಂಗಡಿಯವರು ಒಪ್ಪಿದರೆ ಒಂಬತ್ತನೆಯ ತರಗತಿಯವರೂ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದಾದ ಲೆಕ್ಕವಿದು.