ತಿಪ್ಪೆಯಿಂದಲೇ ಶುರುವಾಗುವ ಕಳೆ

ಮೆಕ್ಕೆಜೋಳದ ಬೇಸಾಯದ ಕೈಪಿಡಿಗಳಲ್ಲಿ ಗೊಬ್ಬರಕ್ಕೊಂದು ಪುಟ, ಕಳೆಗೆ ಇನ್ನೊಂದು ಪುಟ. ಗೊಬ್ಬರದ ಪುಟದಲ್ಲಿ ಎಕರೆಗೆ ಇಷ್ಟು ಕೊಟ್ಟಿಗೆ ಗೊಬ್ಬರ ಎಂದು ಒಂದು ಸಾಲು ಬರೆದು, ಉಳಿದದ್ದೆಲ್ಲ ಯೂರಿಯಾ, ಡಿಎಪಿ, ಪೊಟ್ಯಾಷಿನ ಲೆಕ್ಕ. ಕಳೆಯ ಪುಟದಲ್ಲಿ ಅಟ್ರಜೀನ್, ಪೆಂಡಿಮೆಥಾಲಿನ್, ಆಮೇಲೆ ಎಡೆಕುಂಟೆ. ಎರಡನ್ನೂ ಒಟ್ಟಿಗಿಟ್ಟು ಓದುವವರು ಕಡಿಮೆ. ಆದರೆ ದಾವಣಗೆರೆ, ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು ಕಡೆಯ ಹೊಲಗಳಲ್ಲಿ ಇವು ಎಂದೂ ಬೇರೆಬೇರೆ ಆಗಿರಲಿಲ್ಲ. ಎತ್ತು ಕಟ್ಟಿದ ಮನೆಯಲ್ಲಿ ಗೊಬ್ಬರವೂ ಇತ್ತು, ಎಡೆ ಹೊಡೆಯಲು ಬೇಕಾದ ಬಲವೂ ಇತ್ತು. ಎತ್ತು ಮಾರಿದ ಮನೆಯಿಂದ ಎರಡೂ ಒಟ್ಟಿಗೇ ಹೋದವು. ಆ ಜಾಗಕ್ಕೆ ಯೂರಿಯಾ ಚೀಲ ಮತ್ತು ಕಳೆನಾಶಕದ ಪೊಟ್ಟಣ ಜೊತೆಯಾಗಿಯೇ ಬಂದವು. ಸಾವಯವ ಮೆಕ್ಕೆಜೋಳದ ಬಗ್ಗೆ ಮಾತಾಡುವವರು ಈ ಸಂಬಂಧವನ್ನು ಬಿಟ್ಟು ಮಾತಾಡುವುದರಿಂದಲೇ ಅವರ ಸಲಹೆ ಹೊಲದ ಬದು ದಾಟಿ ಒಳಗೆ ಬರುತ್ತಿಲ್ಲ ಎಂಬುದು ನನ್ನ ತಕರಾರು.

ಮೊದಲು ತಿಪ್ಪೆಯನ್ನು ನೋಡೋಣ. ಏಪ್ರಿಲ್ ಹೊತ್ತಿಗೆ ಊರ ಅಂಚಿನ ತಿಪ್ಪೆಯೊಂದರ ಮೇಲೆ ಗುದ್ದಲಿ ಹಾಕಿ ನೋಡಿ. ಮೇಲಿನ ಪದರ ಬಿಸಿಲಿಗೆ ಒಣಗಿ ಬೆಳ್ಳಗಾಗಿರುತ್ತದೆ. ಒಂದು ಮೊಳ ಅಗೆದರೆ ದನ ತಿಂದು ಬಿಟ್ಟ ಸಪ್ಪೆಕಡ್ಡಿ ಹಾಕಿದ ಹಾಗೇ ಸಿಗುತ್ತದೆ, ಸಗಣಿ ಹೆಂಟೆಗಟ್ಟಿರುತ್ತದೆ, ಒಡೆದರೆ ಒಳಗೆ ತೇವವಿಲ್ಲ, ಬಿಸಿಯಿಲ್ಲ. ಸುತ್ತ ಅಂಚಿನಲ್ಲಿ ಮುಳ್ಳುದಂಟು, ಕಾಂಗ್ರೆಸ್ ಗಿಡ ಬೆಳೆದು, ಹೂಬಿಟ್ಟು, ಬೀಜವನ್ನು ಅದೇ ಗುಡ್ಡೆಯ ಮೇಲೆ ಉದುರಿಸಿರುತ್ತವೆ. ದನ ಹೊಲದ ಹುಲ್ಲಿನ ಜೊತೆ ತಿಂದ ಬೀಜಗಳಲ್ಲಿ ಒಂದಷ್ಟು ಹೊಟ್ಟೆಯಲ್ಲಿ ಅರಗದೆ ಸಗಣಿಯಲ್ಲಿ ಹೊರಬರುತ್ತವೆ. ಮೇ ತಿಂಗಳಲ್ಲಿ ಈ ಗುಡ್ಡೆಯನ್ನು ಟ್ರ್ಯಾಕ್ಟರಿಗೆ ಹೇರಿ ಹೊಲಕ್ಕೆ ಹೊಡೆಯುತ್ತೇವೆ. ಜೂನ್ ಮಳೆಗೆ ಮೆಕ್ಕೆಜೋಳದ ಮೊಳಕೆಗಿಂತ ಮೊದಲು ಮೇಲೇಳುವುದು ಏನು ಎಂಬುದು ಗೊತ್ತಿದ್ದದ್ದೇ. ಗೊಬ್ಬರ ಹಾಕಿದರೆ ಕಸ ಹೆಚ್ಚು ಎಂದು ರೈತರು ಹೇಳುವುದು ಸೋಮಾರಿತನದ ನೆಪವಲ್ಲ, ಕಣ್ಣಾರೆ ಕಂಡ ಸತ್ಯ. ತಪ್ಪು ಗೊಬ್ಬರದ್ದಲ್ಲ, ಕಳಿಯದ ಗೊಬ್ಬರದ್ದು.

ಸರಿಯಾಗಿ ತೇವ ಕೊಟ್ಟು, ಪದರ ಹಾಕಿ, ಆಗಾಗ ಮಗುಚಿದ ಗುಡ್ಡೆ ಒಳಗೊಳಗೇ 55ರಿಂದ 60 ಡಿಗ್ರಿ ಬಿಸಿಯಾಗುತ್ತದೆ. ಆ ಬಿಸಿ ಕೆಲವು ದಿನ ನಿಂತರೆ ಬಹುಪಾಲು ಕಳೆಬೀಜ ಸಾಯುತ್ತದೆ. ಮಗುಚುವುದೇ ಮುಖ್ಯ, ಏಕೆಂದರೆ ಹೊರಗಿನ ಪದರ ಒಳಗೆ ಹೋಗದಿದ್ದರೆ ಅದರಲ್ಲಿರುವ ಬೀಜಕ್ಕೆ ಆ ಬಿಸಿ ತಗಲುವುದೇ ಇಲ್ಲ. ಕೈಯಿಂದಲೋ ಎಡೆಕುಂಟೆಯಿಂದಲೋ ಮಾಡುವ ಕಳೆ ನಿಯಂತ್ರಣಕ್ಕಿಂತ ಅಗ್ಗದ ಕಳೆ ನಿಯಂತ್ರಣ ಇದು. ಬಿತ್ತನೆಗೆ ಮೂರು ತಿಂಗಳು ಮುಂಚೆ ತಿಪ್ಪೆಯ ಬಳಿಯೇ ಮುಗಿಯುವ ಕೆಲಸ. ಇದನ್ನು ಕಳೆ ನಿರ್ವಹಣೆಯ ಪುಟದಲ್ಲಿ ಬರೆದ ಕೈಪಿಡಿಯನ್ನು ನಾನು ಕಂಡಿಲ್ಲ.

ಇನ್ನು ಪೋಷಕಾಂಶದ ಲೆಕ್ಕ. ಸಾವಯವದ ಪರ ಇರುವವರು ಇದನ್ನು ಮುಖಕ್ಕೆ ಮುಖ ಕೊಟ್ಟು ನೋಡಲೇಬೇಕು. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ನಮ್ಮ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಕೆ.ಜಿ. ಸಾರಜನಕ, ಅಂದರೆ ಎಕರೆಗೆ 40 ಕೆ.ಜಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ನೂರಕ್ಕೆ ಅರ್ಧ ಭಾಗದಷ್ಟು. ಎಕರೆಗೆ ನಾಲ್ಕು ಟನ್ ಹಾಕಿದರೆ 20 ಕೆ.ಜಿ. ಬಂತು, ಅದರಲ್ಲಿ ಮೊದಲ ಬೆಳೆಗೆ ದಕ್ಕುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಅಷ್ಟೇ 20 ಕೆ.ಜಿ. ಸಾರಜನಕ 45 ಕೆ.ಜಿ.ಯ ಒಂದು ಯೂರಿಯಾ ಚೀಲದಲ್ಲಿದೆ, ಸರ್ಕಾರದ ಸಬ್ಸಿಡಿಯಿಂದಾಗಿ ಅದರ ಬೆಲೆ 266 ರೂಪಾಯಿ 50 ಪೈಸೆ. ಎಕರೆಗೆ 25 ಕ್ವಿಂಟಾಲ್ ಕಾಳು ತೆಗೆದ ಹೊಲದಿಂದ ಕಾಳಿನಲ್ಲೇ ಮೂವತ್ತೈದು ಕೆ.ಜಿ. ಸಾರಜನಕ ಊರು ಬಿಟ್ಟು ಹೋಗುತ್ತದೆ. ಎಲ್ಲಿಂದಲಾದರೂ ಅದನ್ನು ತುಂಬಲೇಬೇಕು.

ಇಲ್ಲಿ ಜೀವಾಮೃತದ ಮಾತನ್ನೂ ಆಡಬೇಕಾಗುತ್ತದೆ. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯಲ್ಲಿ ಎಕರೆಗೆ 200 ಲೀಟರ್ ಜೀವಾಮೃತ: ಹತ್ತು ಕೆ.ಜಿ. ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಆ ಡ್ರಮ್ಮಿನ ಒಟ್ಟು ಸಾರಜನಕ ಕಾಲು ಕೆ.ಜಿ.ಯ ಆಸುಪಾಸು. ಮಣ್ಣಿನ ಜೀವಾಣುಗಳಿಗೆ ಅದು ಪ್ರಚೋದನೆ ಕೊಡುತ್ತದೆ ಎಂಬುದನ್ನು ಒಪ್ಪೋಣ. ಆದರೆ ಸಾವಯವ ಅಂಶವೇ ಇಲ್ಲದ ಕೆಂಪು ಮಣ್ಣಿನಲ್ಲಿ, ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸಲೆಂದೇ ರೂಪಿಸಿದ ಹೈಬ್ರಿಡ್ ಬೀಜ ಬಿತ್ತಿ, ಬರೀ ಜೀವಾಮೃತ ನಂಬಿ ಕೂತ ರೈತನ ಬೆಳೆ ಮೊಣಕಾಲೆತ್ತರದಲ್ಲೇ ಹಳದಿಯಾಗುತ್ತದೆ. ಬೆಳೆ ಸೊರಗಿದರೆ ಗರಿ ಹರಡಿ ಸಾಲು ಮುಚ್ಚುವುದಿಲ್ಲ. ಸಾಲು ಮುಚ್ಚದಿದ್ದರೆ ಕಳೆಗೆ ಬಿಸಿಲು ಸಿಗುತ್ತದೆ. ಹೊಟ್ಟೆ ತುಂಬದ ಬೆಳೆ ಕಳೆಗೆ ಸೋಲುತ್ತದೆ. ಗೊಬ್ಬರದ ಕೊರತೆ ಹೀಗೆ ಮತ್ತೆ ಕಳೆಯ ಪುಟಕ್ಕೇ ಬಂದು ನಿಲ್ಲುತ್ತದೆ.

ಹಾಗೆಂದು ಕೊಟ್ಟಿಗೆ ಗೊಬ್ಬರವನ್ನು ಬರೀ ಸಾರಜನಕದ ತಕ್ಕಡಿಯಲ್ಲಿ ತೂಗುವುದೂ ನ್ಯಾಯವಲ್ಲ. ಬಿತ್ತಿದ ಮೇಲೆ ಮಳೆ ಕೈಕೊಟ್ಟ ವರ್ಷ ಜಗಳೂರಿನ ಕೆಂಪು ಮಣ್ಣಿನಲ್ಲಿ ಗೊಬ್ಬರ ಉಂಡ ಹೊಲದ ಬೆಳೆ ನಾಲ್ಕು ದಿನ ಹೆಚ್ಚು ತಡೆಯುತ್ತದೆ. ವರ್ಷವರ್ಷವೂ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಹಾಕಿದ ಹೊಲದಲ್ಲಿ ಎಳೆ ಗರಿ ಬೆಳ್ಳಗಾಗುವ ಸತುವಿನ ಕೊರತೆ ಗೊಬ್ಬರ ಉಂಡ ಹೊಲದಲ್ಲಿ ಕಡಿಮೆ. ಕುರಿ ಹಿಂಡು ತರುಬಿಸಿದ ಹೊಲದ ಮಾತಂತೂ ಬೇರೆಯೇ: ಹಿಕ್ಕೆಯ ಜೊತೆ ಗಂಜಲವೂ ನೇರ ಮಣ್ಣಿಗೆ ಇಳಿಯುತ್ತದೆ, ತಿಪ್ಪೆಯಲ್ಲಿ ಆವಿಯಾಗಿ ಹೋಗುವ ಸತ್ವ ಅಲ್ಲಿ ಉಳಿಯುತ್ತದೆ. ರಾತ್ರಿಗಿಷ್ಟು ಎಂದು ಕುರಿಗಾಹಿಗಳಿಗೆ ಕೊಡುವ ಹಣ ಹೊಲಕ್ಕೆ ಹಾಕುವ ದುಡ್ಡಿನಲ್ಲೆಲ್ಲ ಒಳ್ಳೆಯ ದುಡ್ಡು ಎಂದೇ ನಾನು ಹೇಳುತ್ತೇನೆ.

ಈಗ ಕಳೆನಾಶಕ ಅಟ್ರಜೀನ್. ಬಿತ್ತಿದ ಎರಡು ಮೂರು ದಿನದೊಳಗೆ, ಮಣ್ಣಿನಲ್ಲಿ ಹಸಿ ಇರುವಾಗ ಸಿಂಪಡಿಸಿದರೆ ಅಗಲ ಎಲೆಯ ಕಳೆಗಳಲ್ಲಿ ಹೆಚ್ಚಿನವು ಏಳುವುದಿಲ್ಲ. ಜೇಕಿಗೆ ಅದು ನಾಟುವುದಿಲ್ಲ. ಜೇಕು ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಐರೋಪ್ಯ ಒಕ್ಕೂಟ ಅಂತರ್ಜಲದ ಮಾಲಿನ್ಯದ ಕಾರಣಕ್ಕೆ 2004ರಲ್ಲೇ ಅಟ್ರಜೀನನ್ನು ಕೈಬಿಟ್ಟಿತು. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕ, ಕಳೆನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಅಟ್ರಜೀನ್, ಪೆಂಡಿಮೆಥಾಲಿನ್, 2,4-ಡಿ ಮೂರೂ ಪಟ್ಟಿಯಲ್ಲಿದ್ದವು. ನಿಷೇಧ ಮಾತ್ರ ಈ ಮೂರರವರೆಗೆ ಬರಲಿಲ್ಲ. ಆದರೆ ಮೆಕ್ಕೆಜೋಳದ ರೈತನ ಮಟ್ಟಿಗೆ ಅಟ್ರಜೀನಿನ ದೊಡ್ಡ ಕೆಡುಕು ಬೇರೆ ಇದೆ. ಅದು ಅಕ್ಕಡಿಯನ್ನು, ಅಂದರೆ ಮೆಕ್ಕೆಜೋಳದ ನಡುವೆ ಹಾಕುವ ಬೇಳೆಕಾಳಿನ ಸಾಲನ್ನು, ಕೊಲ್ಲುತ್ತದೆ. ತೊಗರಿ, ಅಲಸಂದೆ, ಹೆಸರು ಯಾವುದೂ ಅದರ ಮುಂದೆ ನಿಲ್ಲುವುದಿಲ್ಲ. ಈಚೆಗೆ ಇಪ್ಪತ್ತು ದಿನದ ಬೆಳೆಯ ಮೇಲೆ ಹೊಡೆಯುವ ಟೆಂಬೊಟ್ರಿಯೋನ್ ಎಂಬ ಕಳೆನಾಶಕವೂ ಇವನ್ನು ಉಳಿಸುವುದಿಲ್ಲ. ಸಾರಜನಕ ಕಟ್ಟುವ, ನೆಲ ಮುಚ್ಚುವ, ಮನೆಗೆ ಬೇಳೆ ಕೊಡುವ ಸಾಲನ್ನು ಕಳೆದುಕೊಂಡು, ಆ ಸಾರಜನಕವನ್ನು ಚೀಲದಲ್ಲಿ ಕೊಳ್ಳುತ್ತೇವೆ. ಹೊಲದಲ್ಲೇ ಸಿಗುತ್ತಿದ್ದ ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪಿನ ಬೆರಕೆ ಸಾರು ಹೋಯಿತು, ಎಮ್ಮೆಗೆ ತರುತ್ತಿದ್ದ ಹಸಿಹುಲ್ಲಿನ ಹೊರೆಯೂ ಹೋಯಿತು. ಹುಲ್ಲಿಲ್ಲದೆ ಎಮ್ಮೆ ಹೋದರೆ ಗೊಬ್ಬರವೂ ಅದರ ಹಿಂದೆಯೇ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ, ಕಳೆನಾಶಕ ಬಂದದ್ದೇಕೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮೆಕ್ಕೆಜೋಳಕ್ಕೆ ಬಿತ್ತಿದ ಹದಿನೈದನೇ ದಿನದಿಂದ ನಲವತ್ತೈದನೇ ದಿನದವರೆಗೆ ಕಳೆಯ ಕಾಟ ಇರಬಾರದು. ಆ ಒಂದು ತಿಂಗಳು ಮಳೆಗಾಲದ ನಡುಮಧ್ಯ. ಎಲ್ಲರ ಹೊಲದಲ್ಲೂ ಒಂದೇ ಸಲ ಕಸ, ಎಲ್ಲರಿಗೂ ಒಂದೇ ಸಲ ಆಳು ಬೇಕು. ಬರುವವರೆಲ್ಲ ಹೆಂಗಸರು. ಬೆಳಗ್ಗೆಯಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ, ಕುರ್ಚಿಗಿ ಹಿಡಿದು, ಹಸಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಸರಿಯುತ್ತ, ಮೆಕ್ಕೆಜೋಳದ ಗರಿಯ ಅಂಚು ಮುಂಗೈ ಕೊಯ್ಯುವಾಗಲೂ ಸಾಲು ಬಿಡದೆ ಹೋಗುತ್ತಾರೆ. ಅವರ ಕೂಲಿ ಗಂಡಾಳಿನದಕ್ಕಿಂತ ಕಡಿಮೆ. ಕೈಯಿಂದ ಎರಡು ಸಲ ಕಳೆ ತೆಗೆಸಿ ಎಂದು ವೇದಿಕೆಯ ಮೇಲೆ ಸಲೀಸಾಗಿ ಹೇಳುವ ಸಾವಯವ ಪ್ರಚಾರಕರು ಈ ಸೊಂಟನೋವನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ. ಹೆಂಗಸರ ಅಗ್ಗದ ದುಡಿಮೆಯ ಮೇಲೆ ನಿಂತ ಪದ್ಧತಿಯನ್ನು ಪ್ರಕೃತಿಸ್ನೇಹಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ದಾರಿ ಇಲ್ಲದಿಲ್ಲ. ಎರಡು ಅಡಿ ಸಾಲಿನ ನಡುವೆ ಸೆಣಬು ಅಥವಾ ಅಲಸಂದೆ ಒತ್ತಾಗಿ ಬಿತ್ತಿ, ಮೂವತ್ತೈದು ನಲವತ್ತು ದಿನಕ್ಕೆ ಕೊಯ್ದು ಅಲ್ಲೇ ಹಾಸಿದರೆ ಕಳೆಗೆ ಜಾಗ ಸಿಗುವುದಿಲ್ಲ, ಮಣ್ಣಿನ ಹಸಿ ಆರುವುದಿಲ್ಲ, ಕೊಳೆತಂತೆ ಸಾರಜನಕವೂ ಸಿಗುತ್ತದೆ. ಒಂದೇ ಕೆಲಸದಲ್ಲಿ ಗೊಬ್ಬರ ಮತ್ತು ಕಳೆ ಎರಡೂ ಸೇರುವ ಜಾಗ ಇದು; ಈ ಪದ್ಧತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕೊಯ್ಯುವುದು ತಡವಾದರೆ ಮಾತ್ರ ಸೆಣಬೇ ಬೆಳೆಯನ್ನು ಮೀರಿಸುತ್ತದೆ. ಎತ್ತಿಲ್ಲದವರಿಗೆ ಸೈಕಲ್ ಎಡೆಕುಂಟೆ ಇದೆ: ನಿಂತೇ ತಳ್ಳಬಹುದು, ಗಂಡಸರೂ ಹೆಂಗಸರೂ ನಡೆಸಬಹುದು. ಇಪ್ಪತ್ತನೇ ದಿನಕ್ಕೆ ಒಮ್ಮೆ, ಮಣ್ಣು ಏರಿಸುವಾಗ ಇನ್ನೊಮ್ಮೆ ಎಡೆ ಹಾಯಿಸಿದರೆ ಗಿಡದ ಬುಡದ ಕಸವಷ್ಟೇ ಕೈಗೆ ಉಳಿಯುತ್ತದೆ. ಕಟಾವಾದ ಮೇಲೆ ದಂಟಿಗೆ ಬೆಂಕಿ ಇಡುವುದು ನಿಲ್ಲಬೇಕು. ಹಸಿ ಮಣ್ಣಿಗೆ ದಂಟನ್ನು ಹಾಗೇ ಮುಚ್ಚಿದರೆ ಅದು ಕೊಳೆಯುವಾಗ ಮುಂದಿನ ಬೆಳೆಯ ಸಾರಜನಕವನ್ನೇ ಹಿಡಿದಿಡುತ್ತದೆ. ಆದ್ದರಿಂದ ಕತ್ತರಿಸಿ ಸಗಣಿಯ ಜೊತೆ ಗುಂಡಿಗೆ ಹಾಕುವುದು ಒಳ್ಳೆಯದು. ಮೊದಲ ಎರಡು ಮೂರು ವರ್ಷ ಯೂರಿಯಾವನ್ನು ಅರ್ಧಕ್ಕಿಳಿಸಿ, ಮಣ್ಣಿಗೆ ಕಸುವು ಬಂದಂತೆ ಇನ್ನೂ ಇಳಿಸುವುದು ಮಾನಗೆಟ್ಟ ರಾಜಿಯೇನಲ್ಲ. ಹಠಕ್ಕೆ ಬಿದ್ದು ಒಂದೇ ವರ್ಷಕ್ಕೆ ಎಲ್ಲ ಬಿಟ್ಟವರು, ಬೆಳೆ ಸೋತ ಮೇಲೆ ಸಾವಯವದ ಹೆಸರೆತ್ತಿದರೇ ಮುಖ ತಿರುಗಿಸುತ್ತಾರೆ.

ಮಾರುಕಟ್ಟೆಯ ವಿಷಯಕ್ಕೆ ಬಂದರೆ ಹೇಳುವುದು ಸ್ವಲ್ಪವೇ. ದಾವಣಗೆರೆ, ರಾಣೆಬೆನ್ನೂರಿನ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವವನು ತೇವಾಂಶ ನೋಡುತ್ತಾನೆ, ಕಾಳಿನ ಬಣ್ಣ ನೋಡುತ್ತಾನೆ. ಕಾಳಿನಲ್ಲಿ ಹೆಚ್ಚಿನದು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಸಾವಯವವೋ ಅಲ್ಲವೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 2018ರಲ್ಲಿ ಶಿವಮೊಗ್ಗದಲ್ಲಿ, ದೇಶದಲ್ಲೇ ಮೊದಲು, ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಬಂದ ಮೇಲೆ ಸಿಂಪಡಣೆಯ ಖರ್ಚು ಬೇರೆ ಏರಿದೆ. ಹೆಚ್ಚಿನ ಬೆಲೆಯ ಆಸೆ ತೋರಿಸಿ ಮೆಕ್ಕೆಜೋಳದ ರೈತನನ್ನು ಸಾವಯವಕ್ಕೆ ಕರೆಯುವುದು ಅವನಿಗೆ ಮಾಡುವ ಮೋಸ. ಖರ್ಚು ಇಳಿಯುತ್ತದೆ, ಮಣ್ಣು ಉಳಿಯುತ್ತದೆ ಎಂಬಷ್ಟನ್ನೇ ಹೇಳಿ ಕರೆಯಬೇಕು.

ಕೃಷಿ ಇಲಾಖೆಗೆ ನನ್ನ ಕೋರಿಕೆ ಇಷ್ಟೇ: ರೈತ ಸಂಪರ್ಕ ಕೇಂದ್ರದಲ್ಲಿ ಕಳೆನಾಶಕ ಇಡುವ ಕಪಾಟಿನ ಪಕ್ಕದಲ್ಲೇ ಸೆಣಬಿನ ಬೀಜವೂ ಸೈಕಲ್ ಎಡೆಕುಂಟೆಯೂ ಮೇ ಮೊದಲ ವಾರಕ್ಕೆ ಸಿಗುವಂತಿರಲಿ, ಬಿತ್ತನೆ ಮುಗಿದ ಮೇಲೆ ಬೇಡ. ರೈತರಿಗೆ ಹೇಳುವುದು: ಈ ಸಲ ಗೊಬ್ಬರ ಹೇರುವ ಮೂರು ತಿಂಗಳು ಮೊದಲು ತಿಪ್ಪೆಯ ಸುತ್ತಲಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ ಕಿತ್ತುಹಾಕಿ, ತಿಪ್ಪೆಗೆ ನೀರು ಕೊಟ್ಟು, ಎರಡು ಸಲವಾದರೂ ಮಗುಚಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಡಿ.